ಚಿನ್ನದ ಲೇಪನವೂ ಮೈಕಿನ ಗೊರಗೊರವೂ

ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಮದ್ದೂರು ದಾಟಿ ಮಂಡ್ಯದ ಕಡೆಗೆ ಹೊರಟರೆ ಗೆಜ್ಜಲಗೆರೆ ಸಿಗುತ್ತದೆ. ಮಂಡ್ಯ ಹಾಲು ಒಕ್ಕೂಟದ ಡೇರಿ ಇರುವುದು ಇಲ್ಲಿಯೇ. ಹಾಲಿನ ಗುಣಮಟ್ಟವನ್ನು ಕ್ಯಾನಿನ ಹೊಳಪು ನೋಡಿ ಯಾರೂ ನಿರ್ಧರಿಸುವುದಿಲ್ಲ. ಜಿಡ್ಡಿನ ಅಂಶವನ್ನೂ ಜಿಡ್ಡೇತರ ಘನಾಂಶವನ್ನೂ ಅಳೆಯುತ್ತಾರೆ. ಆದರೆ ಅದೇ ಸುತ್ತಿನ ಊರುಗಳಲ್ಲಿ ಕುರುಕ್ಷೇತ್ರ ನಾಟಕಕ್ಕೋ ಶಾಲಾ ವಾರ್ಷಿಕೋತ್ಸವಕ್ಕೋ ಮೈಕ್ ಸೆಟ್ ಹೊಂದಿಸುವಾಗ ನಾವು ಕೇಬಲ್ಲಿನ ಪಿನ್ನನ್ನು ಆರಿಸುವುದು ಹೊಳಪಿನಿಂದಲೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಹಳದಿ ಬಣ್ಣದ ಪಿನ್ನು ಕಂಡರೆ ಸಾಕು, ಬಿಳಿಯದು ಕಳಪೆ ಎಂದು ತೀರ್ಮಾನಿಸಿಬಿಡುತ್ತೇವೆ.

‘24 ಕ್ಯಾರೆಟ್ ಚಿನ್ನದ ಲೇಪನ’ ಎಂಬ ಹೇಳಿಕೆಯನ್ನೇ ನೋಡಿ. ಅದು ತಿಳಿಸುವುದು ಚಿನ್ನದ ಶುದ್ಧತೆಯನ್ನು ಮಾತ್ರ, ಲೇಪನದ ದಪ್ಪವನ್ನಲ್ಲ. ಕಾಲು ಇಂಚಿನ, ಅಂದರೆ 6.35 ಮಿಲಿಮೀಟರ್ ವ್ಯಾಸದ ಪಿನ್ನಿನ 3 ಸೆಂಟಿಮೀಟರ್ ಉದ್ದದ ಮೇಲ್ಮೈ ಸುಮಾರು 6 ಚದರ ಸೆಂಟಿಮೀಟರ್. ಲೇಪನ 0.1 ಮೈಕ್ರೋಮೀಟರ್ ಇದ್ದರೆ ಅದರಲ್ಲಿರುವ ಚಿನ್ನ ಒಂದು ಮಿಲಿಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ. (ಸಾಂದ್ರತೆ 19.3 ಎಂದಿಟ್ಟುಕೊಂಡು ನೀವೇ ಲೆಕ್ಕ ಹಾಕಿ. ತರಗತಿಗೆ ಒಳ್ಳೆಯ ಸಮಸ್ಯೆ.) ಇಷ್ಟು ತೆಳು ಪದರದಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಹತ್ತಾರು ಸಲ ಚುಚ್ಚಿ ತೆಗೆದರೆ ಅದು ಸವೆದು ಒಳಗಿನ ನಿಕ್ಕಲ್ ಕಾಣುತ್ತದೆ. ಇನ್ನು ಚಿನ್ನ ತಾಮ್ರಕ್ಕಿಂತ ಉತ್ತಮ ವಾಹಕ ಎಂಬ ಮಾತಂತೂ ತಪ್ಪು. ತಾಮ್ರದ ರೋಧಶೀಲತೆಯೇ ಕಡಿಮೆ. ಚಿನ್ನದ ಗುಣವಿರುವುದು ಬೇರೆಡೆ. ಅದು ಗಾಳಿಯಲ್ಲಿ ಉತ್ಕರ್ಷಣಗೊಳ್ಳುವುದಿಲ್ಲ. ಮೈಕಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್. ಪಿನ್ನಿನ ಮೇಲೆ ಆಕ್ಸೈಡ್ ಪೊರೆ ಕಟ್ಟಿದ್ದರೆ ಅದನ್ನು ಭೇದಿಸುವ ಶಕ್ತಿ ಅದಕ್ಕಿರದು. ಅಲ್ಲಿ ದಪ್ಪ ಲೇಪನಕ್ಕೆ ಬೆಲೆಯಿದೆ. ಆದರೆ ಎದುರಿನ ಸಾಕೆಟ್ಟಿಗೆ ತವರದ ಲೇಪನವಿದ್ದರೆ ತೇವದಲ್ಲಿ ಎರಡು ಭಿನ್ನ ಲೋಹಗಳು ಸೇರಿ ಸವಕಳಿ ಹೆಚ್ಚುತ್ತದೆ. ಒಂದು ಕಡೆ ಮಾತ್ರ ಚಿನ್ನವಿರುವುದು ಅರ್ಧ ಲಾಭವೂ ಅಲ್ಲ.

ಧ್ವನಿವರ್ಧಕದ ಕಡೆಗೆ ಬಂದರೆ ಲೆಕ್ಕವೇ ಬೇರೆ. 8 ಓಮ್ ಸ್ಪೀಕರಿಗೆ 40 ವ್ಯಾಟ್ ಕೊಡುವಾಗ ಪ್ರವಾಹ ಸುಮಾರು 2.24 ಆಂಪೇರ್. ಸಡಿಲ ಜೋಡಣೆಯೊಂದರಲ್ಲಿ ಅರ್ಧ ಓಮ್ ರೋಧವಿದ್ದು ಪ್ರವಾಹ ಅಷ್ಟೇ ಹರಿದರೆ ಆ ಪುಟ್ಟ ಜಾಗದಲ್ಲಿ 2.5 ವ್ಯಾಟ್ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಮೆತ್ತಗಾಗಿ ಸ್ಪ್ರಿಂಗಿನ ಬಿಗಿ ಇನ್ನಷ್ಟು ಕಳೆದುಹೋಗುತ್ತದೆ. ಅದೇ 40 ವ್ಯಾಟನ್ನು ಹಾರನ್ನುಗಳ 100 ವೋಲ್ಟ್ ಲೈನಿನಲ್ಲಿ ಕಳಿಸಿದರೆ ಪ್ರವಾಹ 0.4 ಆಂಪೇರ್, ಜೋಡಣೆಯಲ್ಲಿ ನಷ್ಟ 0.08 ವ್ಯಾಟ್ ಮಾತ್ರ. ಹಾಗಾಗಿ ‘ಒಳ್ಳೆಯ ಪಿನ್ನು’ ಯಾವುದು ಎಂದು ಕೇಳುವ ಮೊದಲು ‘ಯಾವ ಜಾಗಕ್ಕೆ?’ ಎಂದು ಕೇಳಬೇಕು.

ಅಂಗಡಿಯಲ್ಲೇ ನೋಡಬಹುದಾದ ಸಂಗತಿಗಳು ಬಣ್ಣಕ್ಕಿಂತ ಹೆಚ್ಚು ಹೇಳುತ್ತವೆ. ಹಿಂಬದಿಯ ಮುಚ್ಚಳ ಬಿಚ್ಚಿ, ಕೇಬಲ್ಲಿನ ಹೊರಕವಚವನ್ನು ಹಿಡಿಯುವ ಕ್ಲಿಪ್ಪು ಇದೆಯೇ ನೋಡಿ. ಅದಿಲ್ಲದಿದ್ದರೆ ಯಾರಾದರೂ ವೈರು ಎಡವಿದಾಗ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ವೇದಿಕೆಗಳಲ್ಲಿ ಕೈಕೊಡುವ ಪಿನ್ನುಗಳಲ್ಲಿ ಹೆಚ್ಚಿನವು ಇಲ್ಲಿಯೇ ಸೋಲುತ್ತವೆ ಎಂಬುದು ನನ್ನ ಅಭಿಪ್ರಾಯ. ಒಳಗಿನ ಅವಾಹಕ ಬೆಸುಗೆಯ ಬಿಸಿಗೆ ಕರಗುವಂಥದಾದರೆ ತುದಿ ಅಲುಗಾಡತೊಡಗುತ್ತದೆ. ಅಯಸ್ಕಾಂತ ಬಲವಾಗಿ ಅಂಟಿಕೊಂಡರೆ ಒಳಗಿರುವುದು ಉಕ್ಕು, ಹಿತ್ತಾಳೆಯಲ್ಲ. ತೀರ ಮೆಲ್ಲಗೆ ಎಳೆದರೆ ಸಂಶಯ ಬೇಡ, ನಿಕ್ಕಲ್ ಲೇಪನಕ್ಕೂ ಆ ಗುಣವಿದೆ.

ಅಳೆಯುವುದಕ್ಕೆ ಮಲ್ಟಿಮೀಟರಿನ ಓಮ್ ಶ್ರೇಣಿ ಸಾಲದು; ಅದರ ವೈರುಗಳ ರೋಧವೇ ಕೆಲವು ದಶಾಂಶ ಓಮ್ ಇರುತ್ತದೆ. ಬ್ಯಾಟರಿ ಎಲಿಮಿನೇಟರ್, ರಿಯೋಸ್ಟಾಟ್, ಅಮ್ಮೀಟರುಗಳಿಂದ ಜೋಡಣೆಯಲ್ಲಿ 1 ಆಂಪೇರ್ ಹರಿಸಿ, ಬೇರೆ ಎರಡು ವೈರುಗಳಿಂದ ಜೋಡಣೆಯ ಎರಡು ಬದಿಯ ಮಿಲಿವೋಲ್ಟ್ ಓದಿ. ಒಂದು ಮಿಲಿವೋಲ್ಟ್ ಎಂದರೆ ಒಂದು ಮಿಲಿ ಓಮ್. ಓದುತ್ತಿರುವಾಗಲೇ ಪಿನ್ನನ್ನು ತಿರುಗಿಸಿ, ಅಲುಗಿಸಿ. ಅಂಕಿ ಚಿಕ್ಕದಿದ್ದು ಸ್ಥಿರವಾಗಿ ನಿಂತರೆ ಜೋಡಣೆ ಸರಿ. ಕುಣಿದಾಡಿದರೆ ಪಿನ್ನು ಎಷ್ಟು ಹೊಳೆದರೂ ಬೇಡ. ಒಂದು ಎಚ್ಚರ: ಇಷ್ಟು ಪ್ರವಾಹ ತೆಳು ಪೊರೆಯನ್ನು ಭೇದಿಸಿಬಿಡಬಹುದು. ಮೈಕಿನ ಪಿನ್ನಾದರೆ ತೆರೆದ ಮಂಡಲದ ವೋಲ್ಟೇಜು 20 ಮಿಲಿವೋಲ್ಟ್ ಮೀರದಂತೆ ಪರೀಕ್ಷಿಸಬೇಕು.

ಗೊರಗೊರ ಸದ್ದಿಗೆ ಪ್ರತಿಸಲವೂ ಪಿನ್ನೇ ಕಾರಣವಲ್ಲ. ಎರಡು ಉಪಕರಣಗಳು ಬೇರೆ ಬೇರೆ ಕಡೆ ಅರ್ತ್ ಆಗಿದ್ದರೆ ಕೇಬಲ್ಲಿನ ಜಾಲರಿಯಲ್ಲಿ 50 ಹರ್ಟ್ಸ್ ಪ್ರವಾಹ ಹರಿಯುತ್ತದೆ. ಆಗ ಕೆಲವರು ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ವೈರನ್ನು ಕತ್ತರಿಸುತ್ತಾರೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಮೈಕಿನ ಲೋಹದ ಮೈ ಜಾಲರಿಯ ಮೂಲಕ ಆಂಪ್ಲಿಫೈಯರಿನ ಪೆಟ್ಟಿಗೆಗೇ ಸೇರಿರುತ್ತದೆ. ಒಳಗೆ ಫೇಸ್ ವೈರು ಪೆಟ್ಟಿಗೆಗೆ ತಗುಲಿದ ದಿನ ಫ್ಯೂಸ್ ಹಾರುವುದಿಲ್ಲ; ಪ್ರಾರ್ಥನೆ ಹೇಳಲು ನಿಂತ ಹುಡುಗಿಯ ಕೈಯಲ್ಲಿ 230 ವೋಲ್ಟ್ ಇರುತ್ತದೆ. ಅರ್ತ್ ವೈರನ್ನು ಮುಟ್ಟಬೇಡಿ. ಎಲ್ಲ ಉಪಕರಣಗಳನ್ನೂ ಸರಿಯಾದ ಅರ್ತ್ ಇರುವ ಒಂದೇ ಬೋರ್ಡಿಗೆ ಹಾಕಿ. ಸದ್ದು ಆಗಲೂ ಉಳಿದರೆ ಸಂಕೇತದ ದಾರಿಯಲ್ಲಿ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಸೇರಿಸಿ.