ವೇಷ ತೊಟ್ಟ ಹಿರಿಯರು: ಪಾಡ್ದನದ ವಿಮರ್ಶೆಗೆ ಒಂದು ಪೀಠಿಕೆ

ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಶಾಸ್ತ್ರವು ಒಂದು ಉತ್ತರ ಕೊಟ್ಟರೆ ಜನಪದವು ಇನ್ನೊಂದನ್ನು ಕೊಡುತ್ತದೆ. ಶಾಸ್ತ್ರದ ಪ್ರಕಾರ ಅವರು ಬೇರೆ ಲೋಕಕ್ಕೆ ಸಲ್ಲುತ್ತಾರೆ. ಜನಪದರ ನಂಬಿಕೆಯಲ್ಲಾದರೋ ಅವರು ಊರು ಬಿಟ್ಟು ಬಹುದೂರ ಹೋಗುವುದಿಲ್ಲ. ಕರೆದರೆ ಬರುತ್ತಾರೆ, ಕೇಳಿದರೆ ಹೇಳುತ್ತಾರೆ, ಮರೆತರೆ ಮುನಿಯುತ್ತಾರೆ. ಹೀಗೆ ಬರುವ ಹಿರಿಯರಿಗೆ ಒಂದು ಮೈ ಬೇಕು. ಆ ಮೈಯನ್ನು ಒದಗಿಸುವುದೇ ವೇಷ. ತುಳುನಾಡಿನ ಭೂತಕೋಲವನ್ನೂ ಅದರ ಹಾಡಾದ ಪಾಡ್ದನವನ್ನೂ ಈ ದೃಷ್ಟಿಯಿಂದ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಕಾಸರಗೋಡು, ಮಂಗಳೂರು, ಉಡುಪಿಗಳ ಈ ಸಂಪ್ರದಾಯ ನಂದೇಶ್ವರದ ವಾಚಕರಿಗೆ ದೂರದ್ದೆಂದು ತೋರಬಹುದು. ಆದರೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯಾಚೆ ಉಳಿದ ಕನ್ನಡದ ನೆಲವೆಂಬ ನಂಟು ಅದಕ್ಕೂ ನಮಗೂ ಇದೆ. ನಂಬಿಕೆಯ ನಂಟು ಅದಕ್ಕಿಂತಲೂ ಹಳೆಯದು.

ಮೊದಲು 'ಭೂತ'ವೆಂಬ ಶಬ್ದವನ್ನೇ ನೋಡೋಣ. ತರಗತಿಯಲ್ಲಿ ನಾವು ಭೂತಕಾಲವನ್ನು ಕಲಿಸುವಾಗ ಅದಕ್ಕೆ 'ಆಗಿಹೋದದ್ದು' ಎಂದು ಅರ್ಥ ಹೇಳುತ್ತೇವೆ. ಮನೆಯಲ್ಲಿ ಮಕ್ಕಳನ್ನು ಹೆದರಿಸುವುದಕ್ಕೂ ಅದೇ ಶಬ್ದವನ್ನು ಬಳಸುತ್ತೇವೆ. ಎ. ಸಿ. ಬರ್ನೆಲ್ ಅವರ ಸಂಗ್ರಹದ ಪಾಡ್ದನಗಳ ಇಂಗ್ಲಿಷ್ ಅನುವಾದವು 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚಾದಾಗ ಅದರ ತಲೆಬರಹ 'ತುಳುವರ ಪಿಶಾಚಾರಾಧನೆ' ಎಂಬ ಅರ್ಥದ್ದಾಗಿತ್ತು. ಸಂಗ್ರಹದ ಉಪಕಾರ ದೊಡ್ಡದು. ಹೆಸರಿನ ಅಪಚಾರವೂ ಸಣ್ಣದಲ್ಲ. ಪಿಶಾಚಿಯನ್ನು ಜನ ಓಡಿಸುತ್ತಾರೆ. ಭೂತವನ್ನು ಕರೆಯುತ್ತಾರೆ, ಉಪಚರಿಸುತ್ತಾರೆ, ಅದರ ಮುಂದೆ ವ್ಯಾಜ್ಯವಿಟ್ಟು ನ್ಯಾಯ ಕೇಳುತ್ತಾರೆ. ತುಳುವರು ತಾವೇ ಸತ್ತವರಲ್ಲಿ ಭೇದ ಮಾಡಿದ್ದಾರೆ. ಮನೆತನದ ಗತಿಸಿದವರು 'ಕುಲೆ'ಗಳು. ಅವರಿಗೆ ಬಡಿಸುವುದು ಮನೆಯ ಕೆಲಸ. ಅನ್ಯಾಯದ ಸಾವನ್ನೋ ವೀರಮರಣವನ್ನೋ ಹೊಂದಿ ಊರಿಗೇ ಹಿರಿಯರಾದವರು ಭೂತಗಳು ಅಥವಾ ದೈವಗಳು. ಎಲ್ಲ ಭೂತಗಳೂ ಮನುಷ್ಯಮೂಲದವಲ್ಲ. ಪಂಜುರ್ಲಿ ಹಂದಿಯ ದೈವ, ಪಿಲಿಚಾಮುಂಡಿ ಹುಲಿಯ ದೈವ. ಆದರೆ ಕೋಟಿ-ಚೆನ್ನಯ, ಕಲ್ಕುಡ-ಕಲ್ಲುರ್ಟಿ, ಕೊರಗತನಿಯ ಇವರೆಲ್ಲ ಮನುಷ್ಯರಾಗಿ ಬದುಕಿದವರೆಂದು ಪಾಡ್ದನಗಳು ಹೇಳುತ್ತವೆ.

ಕಲ್ಕುಡನ ಕಥೆ ಉದಾಹರಣೆಗೆ ಸಾಕು. ಕಾರ್ಕಳದ ಗೊಮ್ಮಟಮೂರ್ತಿಯನ್ನು 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದನೆಂದು ಶಾಸನ ಸಾರುತ್ತದೆ. ಪಾಡ್ದನ ಹೇಳುವುದು ಬೇರೆ ಸಂಗತಿ. ಇಂಥ ಮೂರ್ತಿ ಇನ್ನೊಬ್ಬ ಅರಸನಿಗೆ ದೊರೆಯಬಾರದೆಂದು ಕಾರ್ಕಳದರಸನು ಶಿಲ್ಪಿ ಕಲ್ಕುಡನ ಒಂದು ಕೈ ಒಂದು ಕಾಲು ಕಡಿಸಿದನು. ಅಣ್ಣನ ಅವಸ್ಥೆ ಕಂಡು ತಂಗಿ ಕಲ್ಲುರ್ಟಿ ಸಿಡಿದೆದ್ದಳು. ಇಬ್ಬರೂ ದೈವಗಳಾಗಿ ಅರಸನನ್ನು ಕಾಡಿದರು. ಇದನ್ನು ಇತಿಹಾಸವೆಂದು ನಾವು ಮಂಡಿಸುತ್ತಿಲ್ಲ. ಮಾಡಿಸಿದವನ ಹೆಸರನ್ನು ಶಾಸನ ಉಳಿಸಿದರೆ ಮಾಡಿದವನ ನೋವನ್ನು ಪಾಡ್ದನ ಉಳಿಸಿದೆ ಎಂಬುದಿಷ್ಟೇ ನಮ್ಮ ಮಾತು.

ಈಗ ಮುಖ್ಯ ಪ್ರಶ್ನೆ. ಈ ಹಾಡನ್ನು ಹಾಡಿದಾಗ ಏನಾಗುತ್ತದೆ? ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಎಂಬ ಜಾತಿಗಳವರು. ಎಣ್ಣೆ-ವೀಳ್ಯ ಪಡೆದ ಬಳಿಕ ಪಾತ್ರಧಾರಿಯು ಮುಖಕ್ಕೆ ಅರದಾಳದ ಹಳದಿ ಬಣ್ಣ ಬಳಿದುಕೊಳ್ಳುತ್ತಾನೆ; ತೆಂಗಿನ ಎಳೆಗರಿಯ ಸಿರಿ ಉಡುತ್ತಾನೆ; ಕಾಲಿಗೆ ಗಗ್ಗರ ಕಟ್ಟುತ್ತಾನೆ; ಬೆನ್ನಿಗೆ ಅಣಿ ಏರುತ್ತದೆ. ಜತೆಗೆ ಅವನ ಮನೆಯ ಹೆಂಗಸರು ತೆಂಬರೆ ಬಾರಿಸುತ್ತ ಪಾಡ್ದನ ಹೇಳುತ್ತಾರೆ. ಮೊದಲು ಕಥೆ 'ಅವನು' ಎಂದು ಸಾಗುತ್ತದೆ. ಆವೇಶ ಬಂದ ಬಳಿಕ 'ನಾನು' ಎಂದು ಮಾರ್ಪಡುತ್ತದೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಪ್ರಥಮ ಪುರುಷವು ಉತ್ತಮ ಪುರುಷವಾಗುತ್ತದೆ, ಭೂತಕಾಲವು ವರ್ತಮಾನವಾಗುತ್ತದೆ. ಆಗ ಆಡುವ ಮಾತು ಆ ಮನುಷ್ಯನದಲ್ಲ, ದೈವದ ನುಡಿ.

ಇದರ ವಿಶೇಷವು ಹೊರಗಿನ ಒಂದು ಹೋಲಿಕೆಯಿಂದ ಚೆನ್ನಾಗಿ ತಿಳಿದೀತು. ಆಫ್ರಿಕಾ ಖಂಡದ ನೈಜೀರಿಯಾ ದೇಶದಲ್ಲಿ ಯೊರುಬಾ ಎಂಬ ದೊಡ್ಡ ಜನಾಂಗವಿದೆ. ಅವರ ಪಿತೃವೇಷಕ್ಕೆ 'ಎಗುಂಗುನ್' ಎಂದು ಹೆಸರು. ವೇಷಧಾರಿಯನ್ನು ಅಡಿಯಿಂದ ಮುಡಿಯವರೆಗೆ ಪದರುಪದರಾದ ಬಟ್ಟೆಗಳು ಮುಚ್ಚುತ್ತವೆ; ಕಣ್ಣಿನ ಮುಂದೆ ಜಾಳಿಗೆ ಇರುತ್ತದೆ; ದನಿಯನ್ನೂ ಬದಲಿಸಲಾಗುತ್ತದೆ. ಒಳಗಿರುವವನು ಯಾರೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಬಂದವರು ಪರಲೋಕದ ಹಿರಿಯರೇ ಎಂದು ಭಾವಿಸತಕ್ಕದ್ದು. ಹಿರಿಯರು ಅದೇ ಮನೆತನದಲ್ಲಿ ಮತ್ತೆ ಹುಟ್ಟುವರೆಂದೂ ಅವರು ನಂಬುತ್ತಾರೆ. 'ಬಾಬಾತುಂಡೆ' ಎಂಬ ಅವರ ಹೆಸರಿಗೆ 'ತಂದೆ ಮರಳಿ ಬಂದ'ನೆಂದು ಅರ್ಥ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮಗೆ ಇದು ಹೊಸತಲ್ಲ.

ಭೇದವಿರುವುದು ಗುಟ್ಟಿನಲ್ಲಿ. ಎಗುಂಗುನ್ ವೇಷದಲ್ಲಿ ಮನುಷ್ಯನನ್ನು ಮರೆಮಾಡಿ ಹಿರಿಯರನ್ನು ತೋರಿಸುತ್ತಾರೆ. ತುಳುನಾಡಿನ ಕೋಲದಲ್ಲಿ ಬಣ್ಣ ಬಳಿದುಕೊಳ್ಳುವವನು ಯಾರು, ಯಾರ ಮಗ, ಯಾವ ಊರಿನವನು ಎಂಬುದು ನೆರೆದವರಿಗೆಲ್ಲ ಗೊತ್ತು. ಕಾಸರಗೋಡಿನ ತೆಯ್ಯಂನಲ್ಲಿಯೂ ಹಾಗೆಯೇ. ಅಲ್ಲಿ ಮುಡಿ ಧರಿಸಿದವನ ಕೈಗೆ ಕನ್ನಡಿ ಕೊಡುತ್ತಾರೆ, ಅವನು ಅದರಲ್ಲಿ ದೈವವನ್ನು ಕಾಣುತ್ತಾನೆ. ಹಾಗಾದರೆ ಗೊತ್ತಿದ್ದೂ ಗೊತ್ತಿದ್ದೂ ಊರು ಕೈಮುಗಿಯುವುದು ಹೇಗೆ? ಅಲ್ಲಿ ಬಟ್ಟೆಯ ಗುಟ್ಟು ಮಾಡುವ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಪಾಡ್ದನ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ದೈವದ ಹುಟ್ಟು, ಪಟ್ಟ ಪಾಡು, ಅಳಿದ ಬಗೆ, ನೆಲೆಯಾದ ಸ್ಥಳ ಇವನ್ನು ಕ್ರಮವಾಗಿ ಹೇಳಿದ ಮೇಲೆಯೇ ಆ ಮೈ ದೈವಕ್ಕೆ ಸಲ್ಲುತ್ತದೆ. ಆದುದರಿಂದ ಪಾಡ್ದನವು ಬರಿಯ ಕಥನಕಾವ್ಯವಲ್ಲ, ಅದೊಂದು ಕ್ರಿಯೆ. 1886ರಲ್ಲಿ ಮ್ಯಾನರ್ ಅವರು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 'ಪಾಡ್ದನೊಳು' ಪ್ರಕಟಿಸಿದಂದಿನಿಂದ ಅಚ್ಚಿನ ಪಾಡ್ದನವನ್ನು ಓದಿ ಪುನರುಕ್ತಿ ಹೆಚ್ಚು, ರಸ ಕಡಿಮೆ ಎಂದು ತೀರ್ಪು ಕೊಡುವುದು ಸುಲಭವಾಗಿದೆ. ಬಣ್ಣ ಬಳಿಯುವ ಹೊತ್ತಿಗೆ ಹಾಡು ಒದಗಬೇಕು, ಮೈ ಸಿದ್ಧವಾಗಬೇಕು. ಪುನರುಕ್ತಿಗೆ ಅಲ್ಲಿ ಕೆಲಸವಿದೆ.

ಇನ್ನೊಂದು ಮಾತು. ಕೋಲದ ರಾತ್ರಿ ಗುತ್ತಿನ ಯಜಮಾನನೂ ದೈವದ ಮುಂದೆ ತಲೆಬಾಗುತ್ತಾನೆಂಬುದನ್ನು ಕಂಡು ಇದು ಸಮಾನತೆಯ ಆಚರಣೆ ಎಂದು ಹೊಗಳುವವರಿದ್ದಾರೆ. ನಮಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯನು ಅಂಗಳದ ಹೊರಗೆ ನಿಲ್ಲಬೇಕಾಗಿದ್ದ ಕಾಲವನ್ನು ಮರೆಯಲಾಗದು. ದೈವಕ್ಕೆ ಸಂದ ಗೌರವ ದೈವ ಕಟ್ಟಿದವನಿಗೆ ಸಂದಿರಲಿಲ್ಲ. 2022ರಲ್ಲಿ ಕರ್ನಾಟಕ ಸರಕಾರವು 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿಯ ಮಾಸಾಶನವನ್ನು ಘೋಷಿಸಿತು. ಒಳ್ಳೆಯದೇ, ಆದರೆ ಕಲ್ಕುಡನ ಕೈಯ ಕಥೆ ಹೇಳುವವನ ಋಣ ಅಷ್ಟರಿಂದ ತೀರಿತೆನ್ನಲಾಗದು.

ಈಗ ನಮ್ಮ ನೆಲಕ್ಕೆ ಬರೋಣ. ನಮ್ಮ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿ ಅಮಾವಾಸ್ಯೆಯ ರಾತ್ರಿ ಮಹಾಲಿಂಗರಾಯನ ಗುಡಿಯ ಶಿಖರಕ್ಕೆ ಮುಂಡಾಸು ಸುತ್ತಿರುತ್ತದೆ. ಶಿವ-ಪಾರ್ವತಿಯರೇ ಬಂದು ಸುತ್ತುವರೆಂಬುದು ಭಕ್ತರ ನಂಬಿಕೆ. ಗುರು ಬೀರಪ್ಪನ ಪಾಲಕಿಯೂ ಶಿಷ್ಯ ಮಹಾಲಿಂಗರಾಯನ ಪಾಲಕಿಯೂ ಭೇಟಿಯಾಗುತ್ತವೆ, ಭಂಡಾರ ಹಾರುತ್ತದೆ. ತುಳುನಾಡಿನಲ್ಲಿ ಭಂಡಾರವೆಂದರೆ ದೈವದ ಒಡವೆ-ಆಯುಧಗಳು, ನಮ್ಮಲ್ಲಿ ಅರಿಷಿಣದ ಪುಡಿ. ಶಬ್ದ ಒಂದೇ, ಸಾಮಗ್ರಿ ಬೇರೆ. ಎಗುಂಗುನ್‌ಗೆ ಮುಚ್ಚಿದ ಮುಖ, ಕೋಲಕ್ಕೆ ಬಣ್ಣದ ಮುಖ, ಹುಲಜಂತಿಯಲ್ಲಿ ಮುಖವೇ ಇಲ್ಲದ ಮುಂಡಾಸು. ಬಂದವರು ಯಾರೆಂದು ಹೇಳುವ ಭಾರವನ್ನೆಲ್ಲ ಇಲ್ಲಿ ಹೊರುವುದು ಡೊಳ್ಳಿನ ಪದ.

ಆದುದರಿಂದ ಗುರುಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಡೊಳ್ಳಿನ ಪದಗಳನ್ನು ಬರೆದುಕೊಳ್ಳುವಾಗ ಪದಗಳನ್ನಷ್ಟೇ ಬರೆದುಕೊಂಡು ಬರಬಾರದು. ಯಾವ ಹೊತ್ತಿಗೆ, ಯಾವ ಸ್ಥಳದಲ್ಲಿ, ಯಾವ ವಿಧಿಯ ಮೊದಲು ಅಥವಾ ಆಮೇಲೆ ಅದನ್ನು ಹಾಡಿದರು, 'ಅವನು' ಎಂಬುದು ಎಲ್ಲಿ 'ನಾನು' ಆಯಿತು ಎಂಬುದನ್ನೂ ಗುರುತಿಸಬೇಕು. ಹಾಡಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಸಂಗ್ರಹಕಾರನ ಹೆಸರಿಗಿಂತ ಮೇಲೆ ಅಚ್ಚುಮಾಡಿಸಬೇಕು. ಶಿಲ್ಪಿಯ ಹೆಸರನ್ನು ಬಿಟ್ಟು ಮೂರ್ತಿಯನ್ನು ಹೊಗಳುವ ರೂಢಿ ವಿಮರ್ಶೆಯಲ್ಲಾದರೂ ನಿಲ್ಲಲಿ.