ಒಂದಗುಳಿನ ನ್ಯಾಯ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ಈ ನ್ಯಾಯವನ್ನು ನಾವು ಸೀರೆಗೂ ಹಚ್ಚುತ್ತೇವೆ, ಸಂಬಂಧಕ್ಕೂ ಹಚ್ಚುತ್ತೇವೆ. ಅದು ಎಲ್ಲೆಡೆ ನಡೆಯದೆಂದು ನನಗೆ ಕಲಿಸಿದ್ದು ಬಾಲ್ಸಾ ಎಂಬ ಮರ.

ನನ್ನ ಮಗನಿಗೆ ಸಭಾಂಗಣದೊಳಗೆ ಹಾರಿಸುವ ಪುಟ್ಟ ವಿಮಾನಗಳ ಹುಚ್ಚು. ತಿರುಚಿದ ರಬ್ಬರ್ ಎಳೆಯೇ ಅವುಗಳ ಎಂಜಿನ್. ವಿಶ್ವಸ್ಪರ್ಧೆಯ ವಿಮಾನ ಆ ರಬ್ಬರ್ ಬಿಟ್ಟರೆ ಒಂದೂವರೆ ಗ್ರಾಂ ಕೂಡ ತೂಗುವುದಿಲ್ಲವಂತೆ. ಗಾಳಿಯ ಕಾಟವಿಲ್ಲವೆಂದು ರುಮೇನಿಯಾದ ಸ್ಲಾನಿಕ್ ಉಪ್ಪಿನ ಗಣಿಯೊಳಗೂ ಸ್ಪರ್ಧೆ ನಡೆಸಿದ್ದಾರೆ.

"ಹಾಗಾದರೆ ಎಲ್ಲಕ್ಕಿಂತ ಹಗುರವಾದ ಮರ ತಗೊಂಡರಾಯಿತಲ್ಲ?" ಎಂದೆ.

"ಇಲ್ಲಮ್ಮ, ಒಂದೇ ತೂಕದ ಎರಡು ಪಟ್ಟಿಗಳಲ್ಲಿ ಒಂದು ಸೆಟೆದು ನಿಲ್ಲುತ್ತೆ, ಇನ್ನೊಂದು ಬಳುಕುತ್ತೆ. ಬಳುಕಿದರೆ ರಬ್ಬರಿನ ಎಳೆತಕ್ಕೆ ವಿಮಾನದ ಬೆನ್ನೇ ಬಾಗುತ್ತೆ" ಎಂದ.

ಅವನ ಪರೀಕ್ಷೆ ಸರಳ. ಪಟ್ಟಿಯನ್ನು ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಮೆಲ್ಲಗೆ ಒತ್ತುತ್ತಾನೆ. ಅಂಕಿ ಏರುತ್ತದೆ. ಪಟ್ಟಿ ಬಿಲ್ಲಿನಂತೆ ಬಾಗಿದ ಕೂಡಲೇ ಏರುವುದು ನಿಲ್ಲುತ್ತದೆ. ಆ ಅಂಕಿಗೆ ಪಟ್ಟಿಯ ಉದ್ದ, ಅಗಲ, ದಪ್ಪ ಸೇರಿಸಿ ಲೆಕ್ಕ ಹಾಕಿದರೆ ಮರದ ಸೆಟೆತ ತಿಳಿಯುತ್ತದೆ. ಸೂತ್ರವನ್ನು ಗಣಿತಜ್ಞ ಆಯ್ಲರ್ 1744ರಲ್ಲೇ ಪ್ರಕಟಿಸಿದ್ದ.

ಈ ಪರೀಕ್ಷೆಯ ಬಗ್ಗೆ ನನ್ನ ತಕರಾರೂ ಇದೆ. ಸೆಟೆತ ದಪ್ಪದ ಘನವನ್ನು ಅನುಸರಿಸುತ್ತದೆ. ದಪ್ಪ ಅಳೆಯುವಾಗ ನೂರಕ್ಕೆ 10 ತಪ್ಪಿದರೆ ಲೆಕ್ಕ ನೂರಕ್ಕೆ 30ರಷ್ಟು ತಪ್ಪುತ್ತದೆ. ನಮ್ಮ ಕೈತಪ್ಪು ಮರದ ತಪ್ಪಾಗಿ ಕಾಣುತ್ತದೆ. ಒಂದೇ ಹಲಗೆಯ ಎರಡು ಅಂಚೂ ಒಂದೇ ಥರ ಇರುವುದಿಲ್ಲ. ಆದ್ದರಿಂದ ಪ್ರತಿ ಪಟ್ಟಿಯನ್ನೂ ಬೇರೆಯಾಗಿ, ಮತ್ತೆ ಮತ್ತೆ ನೋಡಬೇಕು. ಒಂದಗುಳಿನ ನ್ಯಾಯ ಸೋಲುವುದು ಇಲ್ಲೇ.

ಆದರೂ ಈ ಪರೀಕ್ಷೆಯನ್ನು ನಾನು ಮೆಚ್ಚುತ್ತೇನೆ. ಬಾಗಿದೊಡನೆ ಕೈ ತೆಗೆದರೆ ಪಟ್ಟಿ ಮೊದಲಿನಂತೆ ನೆಟ್ಟಗಾಗುತ್ತದೆ. ಪರೀಕ್ಷೆಯಿಂದ ಅದು ಹಾಳಾಗುವುದಿಲ್ಲ. ಮೆತ್ತಗಿನದನ್ನೂ ಮಗ ಬಿಸಾಡುವುದಿಲ್ಲ. ಬಳಸಿ ಬಾಗಿಸಬೇಕಾದ ರೆಕ್ಕೆಯ ತುದಿಗೆ ಅದೇ ಬೇಕು.

ಇವನಿಗೆ ಪಿ.ಯು.ಸಿ.ಯಲ್ಲಿ ಒಂದು ವಿಷಯಕ್ಕೆ ಅಂಕ ಕಡಿಮೆ ಬಂದಾಗ ನಾನು ಈ ಪಟ್ಟಿಗಳ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಬಿಟ್ಟಿದ್ದೆ. ಒಂದೇ ಅಂಕಿ ನೋಡಿ ಹುಡುಗನನ್ನು ಪೂರ್ತಿ ಅಳೆದಿದ್ದೆ. ಅವನು ಬಾಗಿದ್ದು ಕಂಡಮೇಲೂ ಒತ್ತುತ್ತಲೇ ಇದ್ದೆ. ಮೂರು ತಿಂಗಳು ಅವನು ಊಟಕ್ಕೆ ಕೂತಾಗಲೂ ತಲೆಯೆತ್ತಲಿಲ್ಲ. ಕೊನೆಗೆ ಪೆಟ್ಟಿಗೆ ಇಳಿಸಿಕೊಟ್ಟವರು ಅವರಪ್ಪ.

ಮೊನ್ನೆ ತಕ್ಕಡಿಯ ಮುಂದೆ ನನ್ನನ್ನು ಕೂರಿಸಿ, "ನೀನೇ ಒತ್ತಿ ನೋಡಮ್ಮ" ಎಂದ. ಒತ್ತಿದೆ. ಪಟ್ಟಿ ಬಾಗುವ ಮೊದಲೇ ಹೆದರಿ ಕೈ ತೆಗೆದೆ. ಅವನು ನಕ್ಕು, "ಇನ್ನೂ ಸ್ವಲ್ಪ ತಡೆಯುತ್ತೆ" ಎಂದ.