ಹೊಂಡದ ಮೂಲೆಯಲ್ಲಿ ತಪ್ಪುವ ಲೆಕ್ಕ

ಘನಫಲದ ಲೆಕ್ಕದಲ್ಲಿ ಸರಾಸರಿಯಷ್ಟು ನಂಬಿಸಿ ಕೈಕೊಡುವುದು ಬೇರೊಂದಿಲ್ಲ. ಕೃಷಿ ಹೊಂಡವೊಂದನ್ನು ತೆಗೆದುಕೊಳ್ಳಿ: ಬಾಯಿ 20 ಮೀಟರ್ ಚೌಕ, ತಳ 8 ಮೀಟರ್ ಚೌಕ, ಆಳ 4 ಮೀಟರ್. ಬದಿಗಳ ಸರಾಸರಿ 14; ಅದರ ವರ್ಗವನ್ನು ಆಳದಿಂದ ಗುಣಿಸಿದರೆ 784 ಘನಮೀಟರ್. ಬದಿಗಳನ್ನು ಬಿಟ್ಟು ಬಾಯಿ, ತಳಗಳ ವಿಸ್ತೀರ್ಣದ ಸರಾಸರಿ ಹಿಡಿದರೆ 928. ಒಂದೇ ಹೊಂಡಕ್ಕೆ ಎರಡು ಉತ್ತರ, ಎರಡೂ ತಪ್ಪು. ತಪ್ಪು ಎಲ್ಲಿದೆಯೆಂದು ತಿಳಿಯಲು ಹೊಂಡವನ್ನು ಮನಸ್ಸಿನಲ್ಲೇ ಕತ್ತರಿಸಿ ನೋಡಬೇಕು. ನಡುವಿನ ನೇರ ಗುಂಡಿ 256, ನಾಲ್ಕು ಬದಿಯ ಇಳಿಜಾರು ಸೇರಿ 384. ಈ 640ರ ಬಗ್ಗೆ ಎರಡೂ ಲೆಕ್ಕಕ್ಕೆ ತಕರಾರಿಲ್ಲ. ಉಳಿಯುವುದು ಮೂಲೆಗಳು. 6 ಮೀಟರ್ ಚೌಕ, 4 ಮೀಟರ್ ಆಳದ ಪ್ರತಿ ಮೂಲೆಯಲ್ಲೂ ಅಗೆದದ್ದು ಕಾಲು ಪಾಲು ಎನ್ನುತ್ತದೆ ಮೊದಲ ಲೆಕ್ಕ. ಅರ್ಧ ಎನ್ನುತ್ತದೆ ಎರಡನೆಯದು. ಅಲ್ಲಿರುವುದೋ ತಲೆಕೆಳಗಾದ ಪಿರಮಿಡ್, ಅದರ ಪಾಲು ಮೂರರಲ್ಲೊಂದು. ಆದ್ದರಿಂದ ಸರಿ ಉತ್ತರ 832.

ಇದು ಹೊಸ ವಿಚಾರವಲ್ಲ. 628ರಲ್ಲಿ ಬ್ರಹ್ಮಗುಪ್ತ, ಅನಂತರ ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಇದೇ ಎರಡು ಸ್ಥೂಲ ಫಲಗಳನ್ನು ಹೇಳಿ, ಅವುಗಳ ಅಂತರದ ಮೂರನೇ ಒಂದನ್ನು ಚಿಕ್ಕದಕ್ಕೆ ಕೂಡಿಸಿರಿ ಎಂದರು. ಇಲ್ಲಿ ಅಂತರ 144, ಮೂರನೇ ಒಂದು 48. 784ಕ್ಕೆ ಸೇರಿದರೆ 832. ತಪ್ಪುಗಳನ್ನು ಎಸೆಯದೆ ಅವುಗಳಿಂದಲೇ ಸರಿಯನ್ನು ತೆಗೆಯುವ ಈ ಜಾಣ್ಮೆ ನನಗಂತೂ ಸೂತ್ರಕ್ಕಿಂತ ಸೊಗಸು.

ಟೇಪು ಹಿಡಿಯುವಾಗಲೇ ಗೇಣುದ್ದ ಹೆಚ್ಚುಕಮ್ಮಿ ಆಗುವಾಗ ಇಷ್ಟು ನಯವೇಕೆ ಎನ್ನಬಹುದು. ಉದ್ದನೆಯ ಕಾಲುವೆಗೆ ಈ ಮಾತು ಒಪ್ಪುತ್ತದೆ, ಅಲ್ಲಿ ಮೂಲೆಗಳ ಪಾಲು ತೀರಾ ಕಡಿಮೆ. ಚೌಕ ಹೊಂಡಕ್ಕೆ ಒಪ್ಪದು. ಟೇಪಿನ ತಪ್ಪು ಒಮ್ಮೆ ಆಚೆ, ಒಮ್ಮೆ ಈಚೆ. ಸರಾಸರಿಯ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಘನಮೀಟರಿಗೆ ಇಷ್ಟೆಂದು ಹಣ ಕೊಡುವಲ್ಲಿ ವಿಸ್ತೀರ್ಣದ ಸರಾಸರಿ ಅಗೆಯದ 96 ಘನಮೀಟರಿಗೂ ದುಡ್ಡು ಕೊಡಿಸುತ್ತದೆ. ಬದಿಯ ಸರಾಸರಿ ಅಗೆದ 48ರ ಕೂಲಿಯನ್ನು ನುಂಗುತ್ತದೆ. ಸೂತ್ರ ನೆನಪಿಡುವುದು ಕಷ್ಟವೆಂದರೆ ಅದಕ್ಕೂ ದಾರಿಯಿದೆ. ಹೊಂಡ ತೋಡಿಸುವವರು ಅರ್ಧ ಆಳದ ಮಟ್ಟದಲ್ಲೂ ಒಂದು ಅಳತೆ ಬರೆಸಿಕೊಳ್ಳಿ. ಬಾಯಿ 400, ತಳ 64, ನಡುಮಟ್ಟದ 196ರ ನಾಲ್ಕರಷ್ಟು. ಕೂಡಿಸಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿ. 832 ಬರುತ್ತದೆ.